ಏಳನೆಯ ಪ್ರಶ್ನೆ, ಎರಡನೆಯ ಮಹಡಿ

ಅಮೆರಿಕಕ್ಕೆ ಹೋಗಿ ಹದಿನಾರು ದಿನ ಇದ್ದು ಬಂದೆ. ದೊಡ್ಡ ಜಲಪಾತ ನೋಡಲಿಲ್ಲ. ಪಂಜು ಹಿಡಿದ ಹೆಂಗಸಿನ ಪ್ರತಿಮೆಯನ್ನೂ ನೋಡಲಿಲ್ಲ. ನೋಡಿದ್ದು ಒಂದು ಗ್ರಂಥಾಲಯದ ನೆಲಮಾಳಿಗೆ, ಒಂದು ಕೋರ್ಟಿನ ಎರಡನೆಯ ಮಹಡಿ ಮತ್ತು ಗಂಗಾವತಿಯವರೊಬ್ಬರ ಅಡುಗೆಮನೆ. ಕುಷ್ಟಗಿಯಲ್ಲಿ ಭೇಟಿಯಾದವರೆಲ್ಲ "ಹೆಂಗಿತ್ತವಾ ಅಮೆರಿಕಾ?" ಎಂದು ಕೇಳುತ್ತಾರೆ. "ಛಲೋ ಇತ್ರಿ" ಎನ್ನುತ್ತೇನೆ. ಅಷ್ಟರಲ್ಲಿ ನನ್ನ ಕಣ್ಣ ಮುಂದೆ ಒಂದು ಕೈ ಕೋಟಿನೊಳಗೆ ಹೋಗಿ ನಿಂತುಬಿಡುತ್ತದೆ. ಅದು ಹೊರಗೆ ಬರಲು ನಾಲ್ಕು ಸೆಕೆಂಡು ಬೇಕು. ಕೇಳಿದವರು ಅಲ್ಲಿಯವರೆಗೆ ನನ್ನ ಮುಖ ನೋಡುತ್ತ ನಿಂತಿರುತ್ತಾರೆ. ಹಾಗಾಗಿ ಬರೆದು ಹೇಳುವುದೇ ವಾಸಿ.

ಆ ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿ ಒಬ್ಬರು ಇನ್ನೂ ಬಾಳುವೆ ಮಾಡಬೇಕು.

ಕುಷ್ಟಗಿ, ಹೊರಡುವ ಮೊದಲು

ನಾನು ಕಾನೂನು ಓದಿದವಳು, ಆದರೆ ಕೋರ್ಟಿನಲ್ಲಿ ಒಂದು ಕೇಸನ್ನೂ ನಡೆಸಿಲ್ಲ. ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಗೆ ಕುಷ್ಟಗಿಯ ಮನೆಯಲ್ಲಿ ಕೂತು ಪ್ರಶ್ನೆ ಬರೆದುಕೊಡುವುದು ನನ್ನ ಕೆಲಸ. ಮೊಬೈಲಿನಲ್ಲಿ ಒಂದರ ಹಿಂದೆ ಒಂದು ಪ್ರಶ್ನೆ ಬರುತ್ತವಲ್ಲ, ಹೌದು ಅಥವಾ ಇಲ್ಲ ಎಂದು ಒತ್ತುತ್ತೀರಲ್ಲ, ಅವುಗಳನ್ನು ಯಾರೋ ಬರೆದಿರುತ್ತಾರೆ. ಆ ಯಾರೋ ಪೈಕಿ ನಾನೊಬ್ಬಳು.

ಅಮೆರಿಕದ ಹಲವು ರಾಜ್ಯಗಳಲ್ಲಿ ಒಂದು ಪದ್ಧತಿ ಇದೆ. ಹಿಂದೆಂದೋ ಸಣ್ಣ ಅಪರಾಧ ಮಾಡಿ, ಶಿಕ್ಷೆ ಮುಗಿಸಿ, ಇಂತಿಷ್ಟು ವರ್ಷ ಸುಮ್ಮನಿದ್ದವರು ಅರ್ಜಿ ಕೊಟ್ಟರೆ ಕೋರ್ಟು ಆ ದಾಖಲೆಯನ್ನು ಅಳಿಸಿಹಾಕುತ್ತದೆ. ಆಮೇಲೆ ನೌಕರಿ ಕೊಡುವವರು ಹುಡುಕಿದರೂ ಅದು ಸಿಗುವುದಿಲ್ಲ. ಆದರೆ ಯಾರು ಅರ್ಹರು, ಯಾರು ಅಲ್ಲ ಎನ್ನುವ ನಿಯಮಗಳು ಚಕ್ಕುಲಿಯ ಹಾಗೆ ಸುತ್ತಿಕೊಂಡಿವೆ. ಒಬ್ಬರದನ್ನು ಬಿಡಿಸಿ ನೋಡಲು ವಕೀಲರಿಗೆ ಅರ್ಧ ದಿನ ಹಿಡಿಯುತ್ತದೆ. ಆ ನಿಯಮಗಳನ್ನು ಹನ್ನೆರಡು ಪ್ರಶ್ನೆಗೆ ಇಳಿಸಿ, ಕೊನೆಗೆ "ನೀವು ಅರ್ಹರು" ಅಥವಾ "ಅರ್ಹರಲ್ಲ" ಎಂದು ಹೇಳುವ ಆ್ಯಪ್ ಮಾಡಿಕೊಡಿ ಎಂದು ಅಲ್ಲಿಯ ಒಂದು ಉಚಿತ ಕಾನೂನು ನೆರವಿನ ಕೂಟ ನಮ್ಮ ಕಂಪನಿಯನ್ನು ಕೇಳಿತ್ತು.

ಯಲಬುರ್ಗಾದಲ್ಲಿರುವ ನಮ್ಮ ಕಾಕಾ ಕೋರ್ಟಿನ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ವಿಷಯ ಕೇಳಿ ನಕ್ಕರು. "ಫೈಲ್ ಅಳಸಾಕ ಇಷ್ಟೆಲ್ಲಾ ಬೇಕೇನವಾ? ನಮ್ಮಲ್ಲಿ ಇಲಿ ಮಾಡ್ತಾವ ಆ ಕೆಲಸ. ಪಗಾರನೂ ಕೇಳೂದಿಲ್ಲ."

ಪ್ರಶ್ನೆಗಳು ಅರ್ಥವಾಗುತ್ತವೆಯೋ ಇಲ್ಲವೋ ನೋಡಲು ಅವುಗಳ ಕನ್ನಡ ರೂಪವನ್ನು ಮೊದಲು ನಮ್ಮ ಓಣಿಯವರ ಮೇಲೆ ಪ್ರಯೋಗ ಮಾಡಿದೆ. ಪ್ರತಿ ಪ್ರಶ್ನೆಗೂ ಮೂರು ಬಟನ್: ಹೌದು, ಇಲ್ಲ, ಗೊತ್ತಿಲ್ಲ. ಎಲ್ಲರೂ ಎಲ್ಲದಕ್ಕೂ "ಗೊತ್ತಿಲ್ಲ" ಒತ್ತಿದರು. "ನಿಮಗೆ ಹದಿನೆಂಟು ವರ್ಷ ದಾಟಿದೆಯೇ?" ಎಂಬುದಕ್ಕೂ ಅದೇ. ಎಪ್ಪತ್ತು ದಾಟಿದ ಫಕೀರಪ್ಪಜ್ಜನನ್ನು ಹಿಡಿದು ಕೇಳಿದೆ. "ಯಾಕಜ್ಜಾ, ನಿನ್ನ ವಯಸ್ಸು ನಿನಗ ಗೊತ್ತಿಲ್ಲೇನು?"

"ಸರಕಾರದ ಪ್ರಶ್ನೆಕ್ಕ ಹೌದಂದ್ರೂ ಸಿಗಬೀಳ್ತೀವಿ, ಇಲ್ಲಂದ್ರೂ ಸಿಗಬೀಳ್ತೀವಿ," ಎಂದ. "ಗೊತ್ತಿಲ್ಲ ಅಂದವನ್ನ ಇಲ್ಲೀತನಕ ಯಾವ ಸಾಹೇಬನೂ ಒದ್ದಿಲ್ಲ."

ಈ ಬಟನ್ ಇದ್ದರೆ ಯಾರೂ ಯೋಚಿಸಿ ಉತ್ತರ ಕೊಡುವುದಿಲ್ಲ ಎಂದು ಕಂಪನಿಗೆ ಬರೆದೆ. ಅದನ್ನು ತೆಗೆದರು. ಆ ಟಿಪ್ಪಣಿಯನ್ನು ಮೆಚ್ಚಿಯೇ ಪರೀಕ್ಷೆಗಾಗಿ ನನ್ನನ್ನು ಅಮೆರಿಕಕ್ಕೆ ಕಳಿಸಿದ್ದು.

ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸರೊಬ್ಬರು ಮನೆಗೆ ಬಂದರು. ಕಟ್ಟೆಯ ಮೇಲೆ ಕೂತು ಚಹಾ ಕುಡಿದರು. "ಇವರ ಮ್ಯಾಲ ಏನರ ಕೇಸ್ ಅದಾವೇನ್ರಿ?" ಎಂದು ಅವ್ವನನ್ನು ಕೇಳಿದರು. "ಇದ್ರ ನಿಮಗ ಗೊತ್ತಿರ್ತಿತ್ತಲ್ರಿ," ಎಂದಳು ಅವ್ವ. ಅವರಿಗೂ ಅದು ಸರಿ ಕಂಡಿತು, ಸಹಿ ಹಾಕಿ ಹೋದರು. ನಮ್ಮ ಕಡೆ ಜೀವವಿರುವ ಕೇಸು ತಾನೇ ಮನೆಗೆ ನಡೆದು ಬರುತ್ತದೆ. ಸಮನ್ಸು ಬರುತ್ತದೆ, ಪೊಲೀಸರು ಬರುತ್ತಾರೆ, ಏನಿಲ್ಲದಿದ್ದರೆ ವಕೀಲರ ಫೋನು ಬರುತ್ತದೆ. ವರ್ಷಗಟ್ಟಲೆ ಯಾರೂ ಬರದಿದ್ದರೆ ಕೇಸು ಸತ್ತಿದೆ ಎಂದು ತಿಳಿಯುತ್ತೇವೆ. ಸತ್ತಿದೆಯೋ ಇಲ್ಲವೋ ಎಂದು ಕೋರ್ಟಿಗೇ ಹೋಗಿ ಕೇಳುವಷ್ಟು ಹುಚ್ಚರು ಯಾರೂ ಇಲ್ಲ.

ಇಳಿದ ಊರು

ವಿಮಾನ ನಿಲ್ದಾಣದಲ್ಲಿ ನನ್ನ ಶೇಂಗಾ ಹಿಂಡಿಯನ್ನು ಇಬ್ಬರು ಅಧಿಕಾರಿಗಳು ಪರೀಕ್ಷಿಸಿದರು. ಇದು ಏನು ಎಂದರು. ಶೇಂಗಾ, ಬೆಳ್ಳುಳ್ಳಿ, ಖಾರದಪುಡಿ ಎಂದೆ. ಯಾವುದಕ್ಕೆ ಎಂದರು. ರೊಟ್ಟಿಗೆ ಎಂದೆ. ರೊಟ್ಟಿ ಎಲ್ಲಿ ಎಂದರು. ತಂದಿಲ್ಲ ಎಂದೆ. ರೊಟ್ಟಿ ಇಲ್ಲದೆ ಹಿಂಡಿ ಒಯ್ಯುವವರ ಮೇಲೆ ಯಾರಿಗೂ ಅನುಮಾನ ಬರಬೇಕಾದ್ದೇ. ಕೊನೆಗೆ ಬಿಟ್ಟರು.

ಕರೆದೊಯ್ಯಲು ಬಂದವರು ಮಾರ್ಗರೆಟ್. ಎಪ್ಪತ್ತರ ಹತ್ತಿರದ ವಕೀಲೆ. ಆ ನೆರವಿನ ಕೂಟ ನಡೆಸುವವರು ಅವರೇ, ನಾನು ಉಳಿದದ್ದೂ ಅವರ ಮನೆಯಲ್ಲೇ. ಅವರಿಗೆ ಕಿನ್ನಾಳದ ಒಂದು ಮರದ ಗಿಳಿ ಕೊಟ್ಟೆ. ಅದನ್ನು ಕಾರಿನ ಮುಂಭಾಗದಲ್ಲಿ ಕೂರಿಸಿ, ಹದಿನಾರು ದಿನವೂ ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಅದನ್ನು ಮಾತಾಡಿಸಿದರು.

ಆ ಊರಲ್ಲಿ ರಸ್ತೆಯ ಅಂಚಿಗೆ ನಿಂತರೆ ಸಾಕು, ಕಾರುಗಳು ನಿಲ್ಲುತ್ತವೆ. ಮೊದಲ ದಿನ ಅವ್ವನಿಗೆ ಸಂದೇಶ ಬರೆಯುತ್ತ ಅಂಚಿನಲ್ಲಿ ನಿಂತಿದ್ದೆ. ತಲೆ ಎತ್ತಿದಾಗ ನಾಲ್ಕು ಕಾರು ನನಗಾಗಿ ಕಾಯುತ್ತಿದ್ದವು. ನನಗೆ ದಾಟುವ ಕೆಲಸವೇ ಇರಲಿಲ್ಲ. ಅವರಿಗೆ ಬೇಸರವಾಗಬಾರದೆಂದು ದಾಟಿದೆ. ಆಮೇಲೆ ಈಚೆ ಬರಬೇಕಲ್ಲ, ಮತ್ತೆ ಮೂರು ಕಾರು ನಿಂತವು. ಕುಷ್ಟಗಿಯ ಸರ್ಕಲ್ಲಿನಲ್ಲಿ ಒಂದು ಟ್ರ್ಯಾಕ್ಟರ್ ನನಗಾಗಿ ನಿಂತಿದ್ದು ನೆನಪಿದೆ. ಅದರ ಡೀಸೆಲ್ ಮುಗಿದಿತ್ತು.

ಗ್ರಂಥಾಲಯದ ನೆಲಮಾಳಿಗೆ

ಬುಧವಾರ ಬುಧವಾರ ನೆಲಮಾಳಿಗೆಯಲ್ಲಿ ಮೇಜು ಹಾಕುತ್ತಾರೆ. ದಾಖಲೆ ಅಳಿಸಿಕೊಳ್ಳಬೇಕೆನ್ನುವವರು ಸಾಲಾಗಿ ಕುರ್ಚಿಯಲ್ಲಿ ಕೂರುತ್ತಾರೆ. ನನಗೆ ಆಶ್ಚರ್ಯವಾದದ್ದು ಅವರ ಮಾತು. ನಮ್ಮಲ್ಲಿ ಕೋರ್ಟಿನ ಆವರಣದಲ್ಲಿ ಯಾರನ್ನೇ ಕೇಳಿ, ಗೆಳೆಯನ ಜೊತೆ ಬಂದೆ ಅನ್ನುತ್ತಾರೆ. ಇಡೀ ಆವರಣದಲ್ಲಿ ಗೆಳೆಯರೇ ತುಂಬಿರುತ್ತಾರೆ, ಆರೋಪಿ ಒಬ್ಬನೂ ಇರುವುದಿಲ್ಲ. ಇಲ್ಲಿ ಪಕ್ಕದ ಕುರ್ಚಿಯವರಿಗೆ, ಸಕ್ಕರೆ ಕಾಯಿಲೆ ಇದೆ ಎಂದು ಹೇಳುವ ಹಾಗೆ, ನಾನು ಅಂಗಡಿಯಲ್ಲಿ ಕದ್ದಿದ್ದೆ ಎನ್ನುತ್ತಿದ್ದರು.

ನನಗೆ ಇದ್ದದ್ದು ಒಂದೇ ನಿಯಮ. ಬಂದವರು ಆ್ಯಪನ್ನು ತಾವೇ ಬಳಸಬೇಕು. ಎಲ್ಲಿ ತಡವರಿಸುತ್ತಾರೆ ಎಂದು ನಾನು ಬರೆದುಕೊಳ್ಳಬೇಕು. ಮೊಬೈಲನ್ನು ಮುಟ್ಟಬಾರದು, ಉತ್ತರ ಸೂಚಿಸಬಾರದು. ಮಾರ್ಗರೆಟ್ ಇದನ್ನು ಮೂರು ಸಲ ಹೇಳಿದ್ದರು.

ಎರಡನೆಯ ಬುಧವಾರ, ಕುರ್ಚಿಯೊಂದರಲ್ಲಿ ಕೂತ ನರೆಗಡ್ಡದವರೊಬ್ಬರು ಫೋನಿನಲ್ಲಿ ಮಾತಾಡುತ್ತಿದ್ದರು. "ಹಾಂ, ಬರ್ತೀನಿ. ಅಕ್ಕಿ ನೆನಿ ಹಾಕಿ ಇಡು," ಎಂದದ್ದು ಕಿವಿಗೆ ಬಿತ್ತು. ನಾನು ಎದ್ದೇ ನಿಂತೆ.

"ಯಾವೂರ್ರಿ ನಿಮ್ಮದು?"

ಅವರು ನನ್ನ ಮುಖ ನೋಡಿದರು. "ಗಂಗಾವತಿ. ನೀ ಯಾವ ಕಡೆಯಾಕಿ?"

"ಕುಷ್ಟಗಿ."

"ಅರೆ! ಇಪ್ಪತ್ತ ವರ್ಷಾತು ಈ ಊರಾಗ. ಗಂಗಾವತಿ ಎಲ್ಲೈತಿ ಅಂತ ಕೇಳಲಾರದಾಕಿ ನೀ ಒಬ್ಬಾಕೀನ ನೋಡು." ಆಮೇಲೆ, "ಕುಷ್ಟಗಿಯಾಗ ನೀರ ಬರ್ತಾವೇನು ಈಗ?" ಎಂದು ಚುಚ್ಚಿದರು. ಗಂಗಾವತಿಯ ಕಾಲುವೆ ನೀರಿನವರು ಒಣಭೂಮಿಯ ನಮ್ಮನ್ನು ಜಗತ್ತಿನ ಯಾವ ಮೂಲೆಯಲ್ಲಿ ಸಿಕ್ಕರೂ ಹೀಗೆ ಕೇಳುತ್ತಾರೆ.

ಹೆಸರು ಮೆಹಬೂಬ್‌ಸಾಬ್. ನಾನು ಚಾಚಾ ಎಂದೆ. ಹದಿನಾಲ್ಕು ವರ್ಷದಿಂದ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸ. ಮೊಣಕಾಲು ಹೋಗಿದ್ದವು. ಕೂತು ಮಾಡುವ ಕೆಲಸವೊಂದು ಸಿಕ್ಕಿತ್ತು, ಶಾಲೆಯ ಬಸ್ಸು ಓಡಿಸುವುದು. ಆದರೆ ಬಂದ ಹೊಸದರಲ್ಲಿ ಒಂದು ಕಾರ್ ಪಾರ್ಕಿಂಗಿನಲ್ಲಿ ಜಗಳವಾಗಿ ಒಬ್ಬನನ್ನು ನೂಕಿದ್ದರು, ಅದಕ್ಕೆ ಶಿಕ್ಷೆಯಾಗಿತ್ತು. ಮಕ್ಕಳ ಬಸ್ಸಿಗೆ ಅಂಥ ದಾಖಲೆಯವರನ್ನು ಹತ್ತಿಸುವುದಿಲ್ಲ. ಅಳಿಸಲು ಅರ್ಜಿ ಹಾಕಿದ್ದಕ್ಕೆ ಕೋರ್ಟಿನ ಠಸ್ಸೆ ಬಿದ್ದ ಪ್ರತಿ ತಂದರೆ ಕಾಯುತ್ತೇವೆ, ಶುಕ್ರವಾರದೊಳಗೆ ತನ್ನಿ ಎಂದಿದ್ದರು ಬಸ್ಸಿನವರು.

ಚಾಚಾಗೆ ಇಂಗ್ಲಿಷ್ ಓದುವುದು ನಿಧಾನ. ನಾನು ಪ್ರಶ್ನೆಗಳನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಅದು ನಿಯಮಕ್ಕೆ ಅರ್ಧ ಹೊರಗೆ. ಹುಟ್ಟಿದ ದಿನ ಜೂನ್ ಒಂದು ಎಂದರು. ನನ್ನದೂ ಜೂನ್ ಒಂದೇ. ಸಾಲಿಗೆ ಹೆಸರು ಹಚ್ಚುವಾಗ ಮಾಸ್ತರರು ನಮ್ಮ ಭಾಗದವರನ್ನೆಲ್ಲ ಒಂದೇ ದಿನ ಹುಟ್ಟಿಸಿದ್ದಾರೆ. ಇಬ್ಬರೂ ನಕ್ಕೆವು. ಆರು ಪ್ರಶ್ನೆ ಸರಾಗವಾಗಿ ಮುಗಿದವು.

ಏಳನೆಯದು: ನಿಮ್ಮ ಮೇಲೆ ಈಗ ಬಾಕಿ ಇರುವ ಯಾವುದಾದರೂ ಪ್ರಕರಣ ಇದೆಯೇ?

"ಒಂದ ಇತ್ತವಾ," ಎಂದರು ಚಾಚಾ. "ಮಗಳ ಲಗ್ನದಾಗ ಹಾಡ ಜೋರಾತಂತ ಬಾಜೂದವರು ಪೊಲೀಸ್ರಿಗೆ ಹೇಳಿದ್ರು. ಕೋರ್ಟಿಗೆ ಬಾ ಅಂತ ಚೀಟಿ ಬರದ ಕೊಟ್ರು. ಆ ದಿವಸ ರಜಾ ಸಿಗಲಿಲ್ಲ. ಅದು ಐತೋ ಹೋತೋ ಗೊತ್ತಿಲ್ಲ."

ಗೊತ್ತಿಲ್ಲ ಎಂಬ ಬಟನ್ ಇರಲಿಲ್ಲ. ನಾನೇ ತೆಗೆಸಿದ್ದೆ.

"ಆಮ್ಯಾಲ ಯಾರರ ಮನಿಗೆ ಬಂದಿದ್ರೇನ್ರಿ?"

"ಯಾರೂ ಬಂದಿಲ್ಲ. ನಾವೂ ಮನಿ ಬದಲಿ ಮಾಡಿದ್ವಿ."

"ಫೋನ್?"

"ಇಲ್ಲ."

"ಎಷ್ಟ ವರ್ಷಾತ್ರಿ?"

"ಮಗಳ ಮಗ ಎರಡನೇತ್ತೆ ಅದಾನ."

"ಹಂಗಾರ ಮುಗದೈತ್ರಿ ಚಾಚಾ," ಎಂದೆ. ಅವರು ಬೆರಳನ್ನು ಗಾಳಿಯಲ್ಲಿ ಹಿಡಿದು ಇನ್ನೂ ಅನುಮಾನಿಸುತ್ತಿದ್ದರು. ಹಿಂದೆ ಇನ್ನೂ ಒಂಬತ್ತು ಜನ ಕಾಯುತ್ತಿದ್ದರು. ನಾನು ಕೈ ಚಾಚಿ "ಇಲ್ಲ" ಒತ್ತಿದೆ.

ಕೊನೆಗೆ ಪರದೆ ಹಸಿರಾಯಿತು. ನೀವು ಅರ್ಹರು. ಕೋರ್ಟಿನ ಎರಡನೆಯ ಮಹಡಿಗೆ ಹೋಗಿ ನಿಮ್ಮ ದಾಖಲೆಯ ಪ್ರತಿ ಪಡೆದು ಅಲ್ಲೇ ಅರ್ಜಿ ಕೊಡಿ. ಆ ವಾಕ್ಯವನ್ನೂ ನಾನೇ ಬರೆದದ್ದು.

ಚಾಚಾ ಮನೆ

ಅಂದು ಸಂಜೆ ಊಟಕ್ಕೆ ಕರೆದರು. ಚಾಚಿ ನನ್ನ ಶೇಂಗಾ ಹಿಂಡಿಯನ್ನು ಮೂಸಿ ನೋಡಿ, ಡಬ್ಬಿ ಸಮೇತ ಒಳಗೆ ಇಟ್ಟುಕೊಂಡರು. ಕೊಟ್ಟದ್ದೋ ತೋರಿಸಿದ್ದೋ ಎಂದು ಕೇಳುವ ಗೊಡವೆಗೆ ಹೋಗಲಿಲ್ಲ.

"ಬಸ್ಸಿನ ನೌಕರಿ ಸಿಕ್ಕರ ಇವರು ಮುಂಜಾನಿ ಐದಕ್ಕ ಏಳಬೇಕಂತ," ಎಂದರು ಚಾಚಿ. "ಮದುವ್ಯಾಗಿ ಮೂವತ್ತ ವರ್ಷಾತು, ಇವರು ಐದಕ್ಕ ಎದ್ದಿದ್ದು ನಾ ಒಂದಿನಾ ನೋಡಿಲ್ಲ."

"ನೀ ಐದಕ್ಕ ಎದ್ದಿದ್ರ ನೋಡ್ತಿದ್ದಿ," ಎಂದರು ಚಾಚಾ.

ನಾಳೆ ಕೋರ್ಟಿಗೆ ನಾನೂ ಬರುವೆ ಎಂದೆ. ಒಳ್ಳೆಯ ಕೆಲಸದ ಕೊನೆಯ ಹೆಜ್ಜೆಯನ್ನು ಕಣ್ಣಾರೆ ನೋಡುವ ಆಸೆ. ಅದನ್ನು ವರದಿಯಲ್ಲಿ ಬರೆಯಬಹುದಲ್ಲ.

ಎರಡನೆಯ ಮಹಡಿ

ಗುರುವಾರ ಮಾರ್ಗರೆಟ್ ನಮ್ಮನ್ನು ಬಾಗಿಲಲ್ಲಿ ಇಳಿಸಿ ಕಾರು ನಿಲ್ಲಿಸಲು ಹೋದರು. ಕೆಳಗೆ ಯಂತ್ರದ ಚೌಕಟ್ಟಿನೊಳಗೆ ಹಾದುಹೋಗಿ ಮೇಲೆ ಹತ್ತಿದೆವು. ಚಾಚಾ ಮಗಳ ಮದುವೆಗೆ ಹೊಲಿಸಿದ ಕೋಟು ಹಾಕಿಕೊಂಡಿದ್ದರು. ಗಾಜಿನ ಹಿಂದೆ ಕನ್ನಡಕದ ಗುಮಾಸ್ತೆಯೊಬ್ಬರು ಹೆಸರು ಬಡಿದರು, ಪರದೆ ನೋಡಿದರು, ಮುಖದಲ್ಲಿ ಏನೂ ಬದಲಾಗಲಿಲ್ಲ. "ಒಂದು ನಿಮಿಷ ಕೂತಿರಿ" ಎಂದು ಫೋನು ಎತ್ತಿದರು.

ಬಂದವರು ಪೊಲೀಸರೊಬ್ಬರು. ಎತ್ತರದ ಆಳು, ಸೊಂಟದ ಪಟ್ಟಿಯಲ್ಲಿ ಎಲ್ಲವೂ ಇತ್ತು. ಚಾಚಾ ಎದ್ದು ನಿಂತರು. ತಮಗೆ ಸಹಾಯ ಮಾಡಲು ಬಂದವರು ಎಂದುಕೊಂಡು ಗುಡ್ ಮಾರ್ನಿಂಗ್ ಅಂದರು. "ನಿಮ್ಮ ಮೇಲೆ ವಾರಂಟು ಇದೆ, ಹಿಂದೆ ತಿರುಗಿ ನಿಲ್ಲಿ," ಎಂದರು ಪೊಲೀಸರು.

ನಮ್ಮ ಕಡೆ ಪೊಲೀಸರು ಏನೇ ಕೇಳಿದರೂ ನಾವು ಮೊದಲು ಮಾಡುವುದು ಒಂದೇ, ಕಾಗದ ತೋರಿಸುವುದು. ಆಧಾರ್ ಆಗಲಿ, ರೇಷನ್ ಕಾರ್ಡ್ ಆಗಲಿ, ಯಾವುದೋ ಒಂದು. ಕಾಗದ ಕಂಡರೆ ಮಾತು ತಣ್ಣಗಾಗುತ್ತದೆ. ಚಾಚಾ ಹಿಂದೆ ತಿರುಗಲಿಲ್ಲ. "ಪೇಪರ್, ಸರ್, ಪೇಪರ್," ಎನ್ನುತ್ತ ಬಲಗೈಯನ್ನು ಕೋಟಿನ ಒಳಜೇಬಿಗೆ ಹಾಕಿದರು.

ಪೊಲೀಸರು ಎರಡು ಹೆಜ್ಜೆ ಹಿಂದೆ ಸರಿದರು. ಪಿಸ್ತೂಲು ಹೊರಗೆ ಬಂತು. ಅದು ಬಂದದ್ದನ್ನು ನಾನು ನೋಡಲಿಲ್ಲ, ಬಂದಿತ್ತು ಅಷ್ಟೇ. ಕೈ ತೋರಿಸು, ಕೈ ತೋರಿಸು ಎಂದು ಇಂಗ್ಲಿಷಿನಲ್ಲಿ ಕೂಗಿದರು.

ನಾನು ಕನ್ನಡದಲ್ಲಿ ಕೂಗಿದೆ. "ಚಾಚಾ, ಅಳ್ಳಾಡಬ್ಯಾಡ್ರಿ!"

ಚಾಚಾ ನನ್ನ ಮಾತು ಕೇಳಿದರು. ಕೈ ಕೋಟಿನೊಳಗೇ ನಿಂತಿತು.

ಇದೇ ಆ ನಾಲ್ಕು ಸೆಕೆಂಡು. ಪೊಲೀಸರು ಕೈ ಹೊರಗೆ ತೆಗೆ ಎನ್ನುತ್ತಿದ್ದಾರೆ, ನಾನು ತೆಗೆಯಬೇಡ ಎಂದಿದ್ದೇನೆ. ಈಗ ತೆಗೆಯಿರಿ ಎನ್ನಲೋ ಎಂದರೆ ಅದೇ ಚಲನೆಗೆ ಗುಂಡು ಹಾರಬಹುದು. ಬಾಯಿ ತೆರೆದು ನಿಂತಿದ್ದೇನೆ. ಗೋಡೆಯ ಮೇಲೆ, ದಯವಿಟ್ಟು ಪಿಸುಮಾತಿನಲ್ಲಿ ಮಾತಾಡಿ ಎಂಬ ಫಲಕವಿದೆ. ಅದನ್ನು ಪೂರ್ತಿ ಓದಿದೆ. ಚಾಚಾ ಪಿಸ್ತೂಲನ್ನು ನೋಡುತ್ತಿಲ್ಲ. ನನ್ನನ್ನೇ ನೋಡುತ್ತಿದ್ದಾರೆ, ಮುಂದಿನ ಪ್ರಶ್ನೆಗೆ ಕಾಯುವವರ ಹಾಗೆ.

ಗಾಜಿನ ಹಿಂದಿನ ಗುಮಾಸ್ತೆ, ತಿಂಡಿಯ ಮಾತಾಡುವ ದನಿಯಲ್ಲಿ, "ಅದು ಪ್ಲಾಸ್ಟಿಕ್ ಚೀಲ," ಎಂದರು. "ನಾನು ಕೂತಲ್ಲಿಂದ ಕಾಣುತ್ತಿದೆ. ಕಾಗದ ಹಿಡಿದಿದ್ದಾರೆ, ಅಷ್ಟೇ."

ಪಿಸ್ತೂಲು ಕೆಳಗಾಯಿತು. "ಈಗ ನಿಧಾನ ತೆಗಿರಿ ಚಾಚಾ," ಎಂದೆ. ಕೈ ಹೊರಗೆ ಬಂತು. ಚೀಲದಲ್ಲಿ ಬಸ್ಸಿನವರು ಕೊಟ್ಟ ಪತ್ರವಿತ್ತು.

ಕೈಕೋಳ ಹಾಕಿದರು. ಒಳಗೆ ಕರೆದೊಯ್ಯುವಾಗ ಚಾಚಾ ತಿರುಗಿ, "ನಿನ್ನ ಚಾಚಿಗೆ ಹೇಳಬ್ಯಾಡ, ತಂಗಿ. ಒಲಿ ಮ್ಯಾಲ ಎಣ್ಣಿ ಇಟ್ಟಿರ್ತಾಳ ಈಗ," ಎಂದರು.

ಮಾರ್ಗರೆಟ್ ಮೇಲೆ ಬಂದಾಗ ನಾನು ನೆಲದ ಮೇಲೆ ಕೂತಿದ್ದೆ. ಕುರ್ಚಿಗಳು ಖಾಲಿ ಇದ್ದವು.

ಅದೇ ದಿನ, ಮಧ್ಯಾಹ್ನ

ಹಾಡು ಜೋರಾಗಿದ್ದಕ್ಕೆ ಕೊಟ್ಟ ತಾರೀಕಿಗೆ ಚಾಚಾ ಬರಲಿಲ್ಲ ಎಂದು ಎಂಟು ವರ್ಷದ ಹಿಂದೆ ಹೊರಟ ವಾರಂಟು ಅದು. ಅಲ್ಲಿ ಅಷ್ಟು ಸಣ್ಣ ವಾರಂಟನ್ನು ಹಿಡಿದು ಯಾರೂ ಮನೆಗೆ ಬರುವುದಿಲ್ಲ. ಅದು ಕಂಪ್ಯೂಟರಿನಲ್ಲಿ ಕೂತು ಕಾಯುತ್ತದೆ, ನೀವೇ ನಡೆದು ಅದರ ಬಳಿ ಹೋಗುವ ತನಕ. ಹೋಗಿ ಎಂದು ನಾನೇ ಹಸಿರು ಅಕ್ಷರದಲ್ಲಿ ಬರೆದಿದ್ದೆ.

ಮಧ್ಯಾಹ್ನ ನ್ಯಾಯಾಧೀಶರ ಮುಂದೆ ಮಾರ್ಗರೆಟ್ ಮಾತಾಡಿದರು. ವಾರಂಟು ರದ್ದಾಯಿತು, ಚಾಚಾ ಹೊರಗೆ ಬಂದರು. ಹಾಡಿನ ಕೇಸಿಗೆ ಹೊಸ ತಾರೀಕು ಬಿತ್ತು, ಆರು ವಾರದ ನಂತರ. ಅದು ಮುಗಿಯುವ ತನಕ ಹಳೆಯ ದಾಖಲೆ ಅಳಿಸುವ ಅರ್ಜಿ ಹಾಕುವಂತಿಲ್ಲ. ಶುಕ್ರವಾರ ಬಸ್ಸಿನವರು ಬೇರೆಯವರನ್ನು ತೆಗೆದುಕೊಂಡರು. ಮುಂದಿನ ಸಲ ಸ್ಥಳ ಖಾಲಿಯಾದಾಗ ನೋಡೋಣ ಎಂದರಂತೆ.

ಕಾರಿನಲ್ಲಿ ನಾನು ತಪ್ಪಾಯ್ತು ಅಂದೆ. ಅದು ಸಣ್ಣ ಮಾತು, ಆದರೆ ಬೇರೆ ಯಾವುದೂ ಸಿಗಲಿಲ್ಲ.

"ನೀನೊಬ್ಬಾಕೀನ ಹೇಳಿದ್ದಲ್ಲ," ಎಂದರು ಚಾಚಾ, ಮಣಿಕಟ್ಟು ಉಜ್ಜುತ್ತ. "ನನಗೂ ಹಂಗ ಅನಿಸಿತ್ತು. ಯಾರೂ ಮನಿಗೆ ಬಂದಿದ್ದಿಲ್ಲಲ್ಲ."

ಮತ್ತೆ ನೆಲಮಾಳಿಗೆ

ಮಾರ್ಗರೆಟ್ ಬಯ್ಯಲಿಲ್ಲ. ನನ್ನ ಮುಂದೆ ಬಿಳಿ ಹಾಳೆ ಇಟ್ಟು, ಏಳನೆಯ ಪ್ರಶ್ನೆ ಬರೆಯಿರಿ ಎಂದರು. ಬರೆದೆ. ಹರಿದರು. ಮತ್ತೆ ಬರೆದೆ. ಸಂಜೆಗೆ ಉಳಿದದ್ದು ಇದು: ಕೋರ್ಟಿಗೆ ಬಾ ಎಂದು ಯಾರಾದರೂ ಹೇಳಿದ್ದು, ನಿಮಗೆ ಹೋಗಲು ಆಗದೆ ಇದ್ದದ್ದು ಉಂಟೇ? ಎಷ್ಟು ಹಳೆಯದಾದರೂ ಹೇಳಿ. ಕೆಳಗೆ ಮೂರು ಬಟನ್. "ಗೊತ್ತಿಲ್ಲ" ವಾಪಸು ಬಂತು. ಹೌದು ಎಂದರೂ ಗೊತ್ತಿಲ್ಲ ಎಂದರೂ ಪರದೆ ಅಲ್ಲೇ ನಿಲ್ಲುತ್ತದೆ. ಇಂದು ಕೋರ್ಟಿಗೆ ಹೋಗಬೇಡಿ. ಇಲ್ಲೇ ಕೂತಿರಿ. ಮೊದಲು ನಮ್ಮ ವಕೀಲರು ನೋಡುತ್ತಾರೆ, ಅವರು ಸರಿ ಎಂದ ಮೇಲೆ ಮುಂದಿನ ಪ್ರಶ್ನೆ.

"ಎಲ್ಲರೂ ಗೊತ್ತಿಲ್ಲ ಒತ್ತಿದರೆ?" ಎಂದು ಕೇಳಿದೆ.

"ಹಾಗಾದರೆ ನನಗೆ ಕೆಲಸ ಹೆಚ್ಚು," ಎಂದರು ಮಾರ್ಗರೆಟ್.

ಕೊನೆಯ ಬುಧವಾರ ಅರ್ಧಕ್ಕರ್ಧ ಜನ ಅದನ್ನೇ ಒತ್ತಿದರು. ಮಾರ್ಗರೆಟ್‌ಗೆ ಊಟಕ್ಕೆ ಪುರಸೊತ್ತಾಗಲಿಲ್ಲ. ಹಾಗೆ ಒತ್ತಿದವರಲ್ಲಿ ಮೂವರ ಮೇಲೆ ವಾರಂಟು ಇತ್ತು. ಆ ಮೂವರೂ ನೆಲಮಾಳಿಗೆಯಲ್ಲೇ ಕೂತು ಬಿಸ್ಕತ್ತು ತಿಂದರು.

ಕುಷ್ಟಗಿ

ನಾನು ಬಂದ ಮೇಲೆ ಚಾಚಾ ಹಾಡಿನ ಕೇಸಿನ ತಾರೀಕಿಗೆ ಹೋದರು. ಅದು ಹತ್ತು ನಿಮಿಷದಲ್ಲಿ ವಜಾ ಆಯಿತು. ಅದಾಗಿ ಕೆಲವು ದಿನಕ್ಕೆ, ಇಲ್ಲಿ ಸಂಜೆ ಅವ್ವ ರೊಟ್ಟಿ ಬಡಿಯುತ್ತಿದ್ದ ಹೊತ್ತಿಗೆ, ಫೋನು ಬಂತು. ಅಲ್ಲಿ ಬೆಳಿಗ್ಗೆ.

"ಬಸ್ಸಿನವರು ಮತ್ತ ಕರದಾರ, ತಂಗಿ. ಈ ಸಲ ಮೊಬೈಲ್ ನಾನ ಒತ್ತೀನಿ. ಹಸಿರ ಬಂದೈತಿ. ಈಗ ಎರಡನೇ ಮಾಳಿಗಿ ಮ್ಯಾಲ ಅದೀನಿ. ಕಿಡಿಕಿಗೆ ಹೋಗ್ಲ್ಯಾ?"

"ಮಾರ್ಗರೆಟ್ ಅದಾರೇನ್ರಿ ಬಾಜೂಕ?"

"ಅದಾಳ."

"ಅವರು ಕಂಪ್ಯೂಟರ್‌ನ್ಯಾಗ ನೋಡ್ಯಾರೇನ್ರಿ, ಬ್ಯಾರೆ ಏನೂ ಇಲ್ಲಂತ?"

"ಎರಡ ಸಲ ನೋಡ್ಯಾಳ. ಹೋಗು ಅಂತಾಳ. ನೀ ಏನಂತಿ?" ಎಂದರು.

ಯಾಕೆ ನನ್ನನ್ನು ಕೇಳುತ್ತಾರೆ ಎಂದು ಈಗಲೂ ತಿಳಿದಿಲ್ಲ. ಅವ್ವ ಬಡಿಯುವುದನ್ನು ನಿಲ್ಲಿಸಿ ನನ್ನತ್ತ ನೋಡಿದಳು.

"ಹೋಗ್ರಿ ಚಾಚಾ," ಎಂದೆ.

ಅವರು ಫೋನು ಇಡಲಿಲ್ಲ. ಕೈಯಲ್ಲೇ ಹಿಡಿದು ನಡೆದರು. ಕಾಗದದ ಸದ್ದು ಕೇಳಿತು, ಗುಮಾಸ್ತೆ ಏನೋ ಕೇಳಿದ್ದು ಕೇಳಿತು, ಚಾಚಾ ಇಂಗ್ಲಿಷಿನಲ್ಲಿ ಏನೋ ಅಂದರು. ಆಮೇಲೆ ಬಹಳ ಹೊತ್ತು ಕೀಲಿಮಣೆ ಬಡಿಯುವ ಸದ್ದು. ಆಮೇಲೆ ಅರ್ಜಿಯ ಮೇಲೆ ಠಸ್ಸೆ ಬಿತ್ತು, ಒಂದು, ಎರಡು, ಮೂರು. ಇಷ್ಟೆಲ್ಲ ದೂರ ಹೋಗಿ ಬಂದು ಹೋಲಿಸಿ ಹೇಳುವುದಾದರೆ, ಆ ಸದ್ದಿನಲ್ಲಿ ಅವರದಕ್ಕೂ ನಮ್ಮದಕ್ಕೂ ಏನೂ ವ್ಯತ್ಯಾಸವಿಲ್ಲ.